ಒಲೆ ತಣಿಯುವ ತನಕ

ಅಂಗಿಯ ತೋಳನ್ನು ಮೂಗಿಗೆ ಹಚ್ಚಿ ನೋಡಿದ. ಒಗೆದು, ಇಸ್ತ್ರಿ ಮಾಡಿ, ಕಪಾಟಿನಲ್ಲಿಟ್ಟಿದ್ದ ಅಂಗಿ. ಆದರೂ ಇತ್ತು. ಆಗಷ್ಟೇ ಊದಿ ಆರಿಸಿದ ಮೇಣದಬತ್ತಿಯ ವಾಸನೆ, ಅದರ ಬೆನ್ನಿಗೇ ಯಾವುದೋ ಮರದ ಎಣ್ಣೆಯ ಮಂಕು ಸಿಹಿ. ಹೆಂಡತಿ ಬದುಕಿದ್ದಾಗ ಈ ವಾಸನೆ ಅವಳ ಕೂದಲಲ್ಲಿರುತ್ತಿತ್ತು, ತಲೆದಿಂಬಿಗೂ ಹತ್ತಿಕೊಳ್ಳುತ್ತಿತ್ತು. ತಲೆಗೆ ನೀರು ಹಾಕಿಕೊಂಡು ಬಾ, ಲ್ಯಾಬನ್ನು ಹಾಸಿಗೆಗೆ ತರಬೇಡ ಎಂದು ಅವನು ಎಷ್ಟು ಸಲ ಅಂದಿದ್ದನೋ. ಅವಳು ಹೋಗಿ ವರ್ಷ ಕಳೆಯುವ ಹೊತ್ತಿಗೆ ಆ ವಾಸನೆ ಅವನ ಮೈಗೇ ಬಂದು ಕೂತಿತ್ತು. ಕಾರಣವೇನೂ ನಿಗೂಢವಲ್ಲ, ಅವಳು ಮಾಡುತ್ತಿದ್ದ ಕೆಲಸ ಈಗ ಅವನ ತಲೆಗೆ ಬಂದಿದೆ, ಅಷ್ಟೆ. ಪೇಸ್ಟಿನೊಳಗಿನ ಎಣ್ಣೆಯೂ ಪಾಲಿಮರೂ ಫರ್ನೇಸಿನಲ್ಲಿ ಸುಟ್ಟುಹೋಗುವಾಗ ಏಳುವ ವಾಸನೆ ಅದು. ವಿಜ್ಞಾನ ಓದಿಕೊಂಡವನಿಗೆ ಇಷ್ಟು ಸಾಕು. ಆದರೆ ರಜೆಯ ದಿನ, ಫರ್ನೇಸಿನ ಹತ್ತಿರವೂ ಸುಳಿಯದೆ ಮನೆಯಲ್ಲೇ ಇದ್ದಾಗ, ಅಡುಗೆಮನೆಗೂ ಹಜಾರಕ್ಕೂ ನಡುವಿನ ಇಕ್ಕಟ್ಟಿನಲ್ಲಿ, ಯಾರೋ ಈಗಷ್ಟೇ ಹಾದುಹೋದ ಹಾಗೆ ಅದು ಗಪ್ಪೆಂದು ಮುಖಕ್ಕೆ ಬಡಿದರೆ ಅದಕ್ಕೆ ಯಾವ ವಿಜ್ಞಾನ? ಅಂಥ ಹೊತ್ತಿನಲ್ಲಿ ನಿಂತಲ್ಲೇ ನಿಂತು ಉಸಿರು ಬಿಗಿಹಿಡಿಯುತ್ತಿದ್ದ. ಆಮೇಲೆ ತನಗೆ ತಾನೇ ನಾಚಿಕೊಂಡು ನಲ್ಲಿ ತಿರುಗಿಸಿ ಕೈ ತೊಳೆದುಕೊಳ್ಳುತ್ತಿದ್ದ.

ಮಗಳು ಮೇಜಿನ ಮುಂದೆ ಬ್ರೆಡ್ಡಿನ ಅಂಚು ಕಿತ್ತು ಬದಿಗಿಡುತ್ತ ಕೂತಿದ್ದಳು. ಹೈಸ್ಕೂಲಿನ ಹುಡುಗಿ. ಮಾತು ಕಡಿಮೆ, ಆಡಿದರೆ ನೇರ.

“ಅಪ್ಪ, ಇವತ್ತೇ ಅಲ್ವಾ?”

“ಏನು?”

“ಏನೂ ಗೊತ್ತಿಲ್ಲದವನ ಹಾಗೆ ಕೇಳಬೇಡ. ಅಮ್ಮನ ಡಬ್ಬಿ.”

ಲ್ಯಾಬಿನ ಫ್ರಿಜ್ಜಿನಲ್ಲಿ ಅವಳಮ್ಮ ಕೈಯಾರೆ ಕಲಸಿದ ಪೇಸ್ಟಿನ ಒಂದು ಪುಟ್ಟ ಡಬ್ಬಿ ಉಳಿದಿತ್ತು. ಅದನ್ನು ಇವತ್ತು ಗಾಜಿನ ಮೇಲೆ ಹಚ್ಚಿ ಸುಡಬೇಕು. ಪದರ ಗಾಜಿಗೆ ಅಂಟಿ ನಿಂತರೆ ಅವಳು ಬರೆದದ್ದೂ ನಿಂತಂತೆ. ಡೈರೆಕ್ಟರು ಅವಳ ಪ್ರಬಂಧ ಅಚ್ಚಾದ ಪತ್ರಿಕೆಗೆ, ಮುಂದಿನ ಪರೀಕ್ಷೆಗೆಂದು ವಾಯಿದೆ ಕೇಳಿ ಬರೆಯುತ್ತಾರೆ. ಕಿತ್ತುಬಂದರೆ, ಅವಳು ಪ್ರಕಟಿಸಿದ್ದನ್ನು ಸಂಸ್ಥೆ ಇವತ್ತು ಸಂಜೆಯೇ ವಾಪಸು ತೆಗೆದುಕೊಳ್ಳುತ್ತದೆ. ಇದನ್ನೆಲ್ಲ ಮಗಳಿಗೆ ಅವನೇ ಹೇಳಿದ್ದ. ಯಾಕೆ ಹೇಳಿದೆನೋ ಎಂದು ಈಗ ಅನ್ನಿಸಿತು.

“ಪೂರ್ತಿ ಖಾಲಿ ಆಗತ್ತಾ?”

“ಒಂದು ಗಾಜಿಗೆ ಸಾಲುವಷ್ಟೇ ಇರೋದು.”

“ಒಂಚೂರು ತೆಗೆದಿಟ್ರೆ?”

“ಪದರ ತೆಳ್ಳಗಾಗತ್ತೆ. ಆಮೇಲೆ ಅದಕ್ಕೊಂದು ತಕರಾರು ತೆಗೀತಾರೆ.”

ಅವಳು ಅಂಚುಗಳನ್ನೆಲ್ಲ ಒಟ್ಟುಮಾಡಿ ತಟ್ಟೆಯ ಮೂಲೆಗೆ ತಳ್ಳಿದಳು. “ಹಾಗಾದ್ರೆ ಖಾಲಿ ಮಾಡು. ಅಮ್ಮ ಸುಳ್ಳು ಬರೆದ್ಲು ಅಂತ ಒಬ್ಬರೂ ಅನ್ನಬಾರದು.” ಚೀಲ ಹೆಗಲಿಗೇರಿಸಿಕೊಂಡು ಬಾಗಿಲ ತನಕ ಹೋದವಳು ತಿರುಗಿ, “ನೀನೂ ಅನ್ನಬಾರದು” ಎಂದು ಸೇರಿಸಿದಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿದರೂ ಅವನು ಹೊರಗೆ ನೋಡಲಿಲ್ಲ. ನೀನೂ ಎಂದಳಲ್ಲ, ಯಾರು ಹೇಳಿದರು ಇವಳಿಗೆ? ಯಾರೂ ಹೇಳಿರಲಾರರು. ಮನೆಯಲ್ಲಿ ಅವನು ಗೊಣಗಿಕೊಂಡದ್ದು ಕಿವಿಗೆ ಬಿದ್ದಿರಬೇಕು. ಅಥವಾ ಮಕ್ಕಳಿಗೆ ಬೆನ್ನು ನೋಡಿದರೇ ತಿಳಿಯುತ್ತದೋ ಏನೋ. ವಿಷಯ ಕೇಳಲಿಕ್ಕೆ ಸಣ್ಣದು. ಗಾಜಿನ ಮೇಲೆ ಬಿಳಿ ಪುಡಿಯದೊಂದು ಪದರ. ನೋಡಿದರೆ ಸುಣ್ಣ ಬಳಿದ ಹಾಗೆ, ಒಳಗೆ ಪೂರ್ತಿ ತೂತು. ಆ ತೂತುಗಳೊಳಗೆ ಬಣ್ಣ ಇಳಿದು ಕೂರುತ್ತದೆ, ಬಣ್ಣದ ಮೇಲೆ ಬಿಸಿಲು ಬೀಳುತ್ತದೆ, ಕರೆಂಟು ಹುಟ್ಟುತ್ತದೆ. ತೂತು ಮಾಡಿಕೊಡುವುದು ಪಾಲಿಮರ್. ಪುಡಿಯ ಜೊತೆ ಅದನ್ನು ಕಲಸಿ ಹಚ್ಚಿ ಸುಟ್ಟರೆ ಪುಡಿ ಉಳಿಯುತ್ತದೆ, ಪಾಲಿಮರ್ ಹೊರಟುಹೋಗುತ್ತದೆ, ಅದು ಇದ್ದ ಜಾಗ ಖಾಲಿ ಬಿದ್ದಿರುತ್ತದೆ. ಆ ಖಾಲಿಯೇ ಬೇಕಾದದ್ದು. ಪಾಲಿಮರ್ ಹೆಚ್ಚಿದಷ್ಟೂ ಜಾಗ ಹೆಚ್ಚು, ಬಣ್ಣ ಹೆಚ್ಚು, ಕರೆಂಟು ಹೆಚ್ಚು. ಆದರೆ ಒಂದು ಮಿತಿ ದಾಟಿದರೆ ಪದರಕ್ಕೆ ಕಸುವಿರುವುದಿಲ್ಲ, ಚಕ್ಕೆ ಚಕ್ಕೆಯಾಗಿ ಎದ್ದುಬರುತ್ತದೆ. ಆ ಮಿತಿ ಎಲ್ಲಿದೆ ಎಂದು ಈ ಕಸುಬಿನವರಿಗೆಲ್ಲ ಗೊತ್ತು. ಅವನ ಹೆಂಡತಿ ಅದರ ಎರಡರಷ್ಟು ಹಾಕಿದಳು, ಪದರ ನಿಂತಿತು. ಕರೆಂಟು ಅಳೆದವನು ಸ್ವತಃ ಅವನು. ಲ್ಯಾಬಿನಲ್ಲಿ ಎಲ್ಲರ ಸೆಲ್ಲುಗಳನ್ನೂ ಅಳೆದು ಅಂಕ ಕೊಡುತ್ತಿದ್ದದ್ದೇ ಅವನು. ಅದಕ್ಕೇ ಅವನ ಹೆಸರು ಮೀಟರ್ ಸಾಹೇಬರು. ಆಗ ಮುಳ್ಳು ಏರಿದ್ದನ್ನು ಅವನ ಕಣ್ಣೇ ನೋಡಿತ್ತು. ಹಾಗಿದ್ದೂ, ಅವಳು ತೀರಿಕೊಂಡ ಮೇಲೆ ಬೇರೊಂದು ಊರಿನ ಲ್ಯಾಬಿನವರು ನಮ್ಮ ಕೈಲಿ ಇದು ಆಗುತ್ತಿಲ್ಲ, ಇಂಥ ಪದರ ಗಾಜಿನ ಮೇಲೆ ನಿಲ್ಲುವುದೇ ಇಲ್ಲ ಎಂದು ಬರೆದಾಗ, ಮಾಡಿದವಳು ಹೆಂಡತಿ, ಅಳೆದವನು ಗಂಡ ಎಂದು ಯಾರೋ ಮೂಗಿನಲ್ಲೇ ನಕ್ಕಾಗ, ಅವನ ಮೈಯೆಲ್ಲ ಉರಿದುಹೋಗಿತ್ತು. ಆ ಉರಿಯಲ್ಲಿ ಅವನು ಮೀಟಿಂಗಿನಲ್ಲಿ ಎದ್ದು ನಿಂತು ಅಂದದ್ದು ಒಂದೇ ಮಾತು. “ನನ್ನ ಮೀಟರ್ ಸುಳ್ಳು ಹೇಳಲ್ಲ ಸಾರ್. ಪೇಸ್ಟಿನಲ್ಲಿ ಅವಳು ಬರೆದಿಡದ್ದು ಏನೋ ಇದೆ.” ಆ ಮಾತು ಮೇಜಿನ ಸುತ್ತ ಒಂದು ಸುತ್ತು ಹಾಕಿ ಬರುವ ಹೊತ್ತಿಗೆ, ಅವಳು ಮುಚ್ಚಿಟ್ಟಳು ಎಂದಾಯಿತು. ಇನ್ನೊಂದು ಸುತ್ತಿಗೆ, ಅವಳು ಬರೆದದ್ದು ಸುಳ್ಳು ಎಂದಾಯಿತು. ಅವನು ತಿದ್ದಬಹುದಿತ್ತು. ತಿದ್ದದೆ ನೀರು ಕುಡಿದು ಕೂತ.

ಕೂತದ್ದಕ್ಕೆ ಅವನಲ್ಲಿ ನ್ಯಾಯವೂ ಇತ್ತು ಅನ್ನಿ. ಅವಳು ಬರೆದಿಟ್ಟ ಅಳತೆಯನ್ನೇ ಹಿಡಿದು, ಅದೇ ಪುಡಿ, ಅದೇ ಪಾಲಿಮರ್, ಅದೇ ಎಣ್ಣೆ ಹಾಕಿ ವರ್ಷವಿಡೀ ಕಲಸಿದ್ದ. ಒಂದು ಪದರವೂ ನಿಲ್ಲಲಿಲ್ಲ. ಪ್ರತಿ ಸಲವೂ ಫರ್ನೇಸಿನಿಂದ ಹೊರಗೆ ಬರುತ್ತಿದ್ದದ್ದು ಬತ್ತಿದ ಕೆರೆಯ ನೆಲದಂತೆ ಸೀಳು ಬಿಟ್ಟ ಗಾಜು. ಅದನ್ನು ಬೆರಳಿನಿಂದ ಒರೆಸಿದರೆ ಬಿಳಿ ಚಕ್ಕೆಗಳು ಮೇಜಿನ ಮೇಲೆ ಉದುರುತ್ತಿದ್ದವು. ಆಗೆಲ್ಲ ಸತ್ತವಳ ಮೇಲೆ ಸಿಟ್ಟು ಬರುತ್ತಿತ್ತು, ಹಲ್ಲು ಕಚ್ಚುವಷ್ಟು ಸಿಟ್ಟು. ಕೈಯೊಳಗಿನ ಗುಟ್ಟನ್ನು ಕೈಯೊಳಗೇ ಇಟ್ಟುಕೊಂಡು ಹೋದಳು. ಬೇಕೆಂದೇ ಹೋದಳು. ಆಸ್ಪತ್ರೆಯಲ್ಲಿ ಅಷ್ಟು ದಿನ ಮಲಗಿದ್ದಾಗ ಮಗಳ ಬೂಟು ಚಿಕ್ಕದಾಗಿದೆ ಕೊಡಿಸಿ, ಗ್ಯಾಸಿನ ಪೈಪು ಬದಲಾಯಿಸಿ ಎಂದೆಲ್ಲ ನೆನಪು ಮಾಡಿಕೊಂಡು ಹೇಳಿದವಳಿಗೆ ಇದೊಂದು ಹೇಳಲು ನಾಲಿಗೆ ಬರಲಿಲ್ಲವೇ? ನೀನು ಕೇಳಿದ್ದೆಯಾ ಎಂದು ಒಳಗಿನಿಂದ ಯಾರೋ ಅನ್ನುತ್ತಿದ್ದರು. ಅವನು ಕೇಳಿರಲಿಲ್ಲ. ಅಷ್ಟು ವರ್ಷ ಒಂದೇ ಕಟ್ಟಡದಲ್ಲಿ ಕೆಲಸ ಮಾಡಿದರೂ ಅವಳು ಕಲಸುವುದನ್ನು, ಹಚ್ಚುವುದನ್ನು, ಸುಡುವುದನ್ನು ಅವನು ನಿಂತು ನೋಡಿದವನಲ್ಲ. ಸುಟ್ಟು ತಣ್ಣಗಾದ ಗಾಜುಗಳು ತಟ್ಟೆಯಲ್ಲಿ ಅವನ ಮೇಜಿಗೆ ಬರುತ್ತಿದ್ದವು, ಅವನು ಅಳೆಯುತ್ತಿದ್ದ.

ಲ್ಯಾಬಿನ ಬಾಗಿಲಲ್ಲೇ ಬಣ್ಣದಾಕೆ ಎದುರಾದಳು. ಗಾಜುಗಳನ್ನು ಬಣ್ಣದಲ್ಲಿ ಅದ್ದಿಡುವ ಕೆಲಸ ಅವಳದು. ಕೈಯ ಉಗುರುಸಂದಿಯೆಲ್ಲ ಯಾವಾಗಲೂ ಕೆಂಪು. ಹೆಂಡತಿಯ ಗೆಳತಿ, ಹೆಂಡತಿ ಹೋದ ಮೇಲೆ ಇವನೊಡನೆ ಬೇಕಾದಷ್ಟೇ ಮಾತು. ಹೋದ ವಾರ ತನ್ನ ಸೀಸೆಗಳ ಹಿಂದೆ ಆ ಡಬ್ಬಿಯನ್ನು ಕಂಡುಹಿಡಿದು ಎತ್ತಿ ಹಿಡಿದವಳು ಇವಳೇ. ಎಲ್ಲರೂ ಟೀ ಕುಡಿಯುತ್ತ ನಿಂತಿದ್ದಾಗ, “ಮೀಟರ್ ಸಾಹೇಬರೇ, ಇದು ಮುಗಿದುಹೋಯ್ತು ಅಂದಿದ್ರಲ್ಲ?” ಎಂದು ಕೇಳಿದಳು. ಡಬ್ಬಿಯ ಮೇಲೆ ಹೆಂಡತಿಯ ಅಕ್ಷರ, ಬಲಕ್ಕೆ ಬೀಳುವ ಓರೆ ಅಕ್ಷರ. ಅವನು ಕಳ್ಳನ ಹಾಗೆ ನಿಂತಿದ್ದ. ಮುಗಿದುಹೋಯಿತು ಎಂದಿದ್ದು ಸುಳ್ಳೇ. ಯಾಕೆ ಬಚ್ಚಿಟ್ಟೆ ಎಂದು ಯಾರಾದರೂ ಕೇಳಿದ್ದರೆ ಹೇಳಲು ಅವನ ಹತ್ತಿರ ಏನೂ ಇರಲಿಲ್ಲ. ಯಾರೂ ಕೇಳಲಿಲ್ಲ, ಕಪ್ಪು ತೊಳೆಯಲು ಹೋದರು. ಡೈರೆಕ್ಟರು ಮಾತ್ರ ಒಳಗೆ ಕರೆದು ಬಾಗಿಲು ಹಾಕಿ ಬಹಳ ಮೆತ್ತಗೆ ಹೇಳಿದರು: “ಇದಕ್ಕಿಂತ ಒಳ್ಳೇದು ಇನ್ನೇನಿದೆ? ಅವರ ಪೇಸ್ಟೇ ಅವರ ಪರವಾಗಿ ಸಾಕ್ಷಿ ಹೇಳಲಿ. ನೀವೇ ಸುಡಿ. ಬೇರೆಯವರ ಕೈ ತಾಗಿತು ಅನ್ನೋ ಮಾತೂ ಬೇಡ.”

“ತೆಗೆದಿಟ್ಟಿದೀನಿ,” ಎಂದಳು ಬಣ್ಣದಾಕೆ. “ಚಳಿ ಬಿಡಲಿ ಅಂತ ಆಗಲೇ ಫ್ರಿಜ್ಜಿಂದ ಆಚೆ ಇಟ್ಟೆ. ಅವಳು ಹಾಗೇ ಮಾಡ್ತಿದ್ದದ್ದು.”

“ನಿಮಗೆ ಗೊತ್ತಾ, ಅವಳು ಹೇಗೆ ಮಾಡ್ತಿದ್ದಳು ಅಂತ?”

“ನಾನು ಬಣ್ಣದವಳು. ಅಷ್ಟು ಮಾತ್ರ ಕಂಡಿದೀನಿ.” ಅವಳು ಅವನ ಮುಖ ನೋಡದೆ ಕೈಗವಸು ಹಾಕಿಕೊಂಡಳು. “ಪಕ್ಕದಲ್ಲೇ ಇದ್ದೋರು ನೀವು.”

ಡಬ್ಬಿಯ ಮುಚ್ಚಳ ತಿರುಗಿಸಿದ. ಪೇಸ್ಟು ಗಟ್ಟಿ, ಬೆಣ್ಣೆಗಿಂತ ಒಂಚೂರು ಸಡಿಲ. ಅವಳು ಕೊನೆಯ ಸಲ ಚಮಚ ಹಾಕಿ ತೆಗೆದ ಗುಳಿ ಹಾಗೇ ಇತ್ತು. ಅಂಚು ಮುರಿದಿರಲಿಲ್ಲ, ಗುಳಿಯ ತುದಿಯಲ್ಲಿ ಚಮಚ ಎತ್ತಿಕೊಳ್ಳುವಾಗ ಎದ್ದ ಒಂದು ಸಣ್ಣ ಜುಟ್ಟು ಕೂಡ ಹಾಗೇ ನಿಂತಿತ್ತು. ಈಗಷ್ಟೇ ಎತ್ತಿಕೊಂಡು ಪಕ್ಕದ ಕೋಣೆಗೆ ಹೋಗಿದ್ದಾಳೆ, ಬಂದಾಳು ಎನ್ನುವ ಹಾಗೆ. ಒಂದು ವರ್ಷ ಅವನು ಕಾಪಾಡಿಕೊಂಡದ್ದು ಪೇಸ್ಟನ್ನಲ್ಲ, ಈ ಗುಳಿಯನ್ನು ಎಂದು ಆಗ ತಿಳಿಯಿತು. ಎಲ್ಲರೂ ಹೋದ ಮೇಲೆ ಎಷ್ಟು ಸಲ ಮುಚ್ಚಳ ತೆಗೆದು ಇದನ್ನೇ ನೋಡಿ ಮುಚ್ಚಿರಲಿಲ್ಲ? ಬಣ್ಣದಾಕೆ ಕೆಮ್ಮಿದಳು. ಅವನು ಚಮಚ ಇಳಿಸಿದ. ಗಾಜಿನ ಎರಡೂ ಅಂಚಿಗೆ ಟೇಪು ಅಂಟಿಸಿಯಾಗಿತ್ತು. ನಡುವೆ ಪೇಸ್ಟು ಸುರಿದು ಗಾಜಿನ ಕಡ್ಡಿಯಿಂದ ಒಂದೇ ಎಳೆತಕ್ಕೆ ಎಳೆದ. ಡಬ್ಬಿಯ ಗೋಡೆಗೆ ಅಂಟಿದ್ದನ್ನೂ ಕೆರೆದು ಹಾಕಬೇಕಾಯಿತು. ಪದರ ಒದ್ದೆಯಾಗಿ, ನುಣ್ಣಗೆ, ಹಾಲಿನ ಕೆನೆಯ ಹಾಗೆ ಕೂತಿತು. “ಚೆನ್ನಾಗಿ ಬಂತು,” ಎಂದಳು ಬಣ್ಣದಾಕೆ, ಮೊದಲ ಸಲ ಸ್ವಲ್ಪ ಮೆತ್ತಗೆ.

ಲ್ಯಾಬಿನವರು ಫರ್ನೇಸಿಗೆ ಒಲೆ ಅನ್ನುತ್ತಾರೆ. ಒಲೆ ಇರುವುದು ಒಂದೇ, ಬೇಕಾದವರು ಹತ್ತಾರು ಮಂದಿ. ಹಾಗಾಗಿ ಅಲ್ಲೊಂದು ಪದ್ಧತಿ ಬೆಳೆದುಬಂದಿತ್ತು. ಸುಡುವುದು ಮುಗಿದ ಕೂಡಲೇ ಬಾಗಿಲನ್ನು ಎರಡು ಬೆರಳು ತೆರೆದು ಸಂದಿಗೆ ಒಂದು ಇಟ್ಟಿಗೆ ಚೂರು ಸಿಕ್ಕಿಸಿಬಿಡುವುದು. ಗಾಳಿ ಆಡಿ ಬೇಗ ತಣಿಯುತ್ತದೆ, ಮುಂದಿನವರಿಗೆ ಬೇಗ ಸಿಗುತ್ತದೆ. ಹಾಗೆ ಮಾಡದವಳು ಇಡೀ ಲ್ಯಾಬಿನಲ್ಲಿ ಅವನ ಹೆಂಡತಿ ಒಬ್ಬಳೇ. ಅವಳು ಬಾಗಿಲು ಮುಟ್ಟಗೊಡುತ್ತಿರಲಿಲ್ಲ. ಒಲೆಯ ಪಕ್ಕ ಒಂದು ಸ್ಟೂಲು ಹಾಕಿಕೊಂಡು, ತಾನಾಗಿ ತಣಿಯುವ ತನಕ ಕೈಕಟ್ಟಿ ಕೂತುಬಿಡುತ್ತಿದ್ದಳು. ಪಿಂಗಾಣಿ ವಿಭಾಗದವರು ತಟ್ಟೆ ಹಿಡಿದು ಬಂದು ಬಂದು ಹೋಗುತ್ತಿದ್ದರು. “ಏನ್ರೀ ಮೀಟರ್ ಸಾಹೇಬರೇ, ನಿಮ್ಮ ಮನೆಯವರು ಒಲೆ ಬಿಟ್ಟು ಏಳ್ತಾನೇ ಇಲ್ಲ. ಮನೇಲಿ ಗ್ಯಾಸು ಮುಗಿದಿದೆಯಾ?” ಎಲ್ಲರೂ ನಗುತ್ತಿದ್ದರು, ಅವನೂ ನಗುತ್ತಿದ್ದ. ಒಲೆಕಾವಲಮ್ಮ ಎಂದು ಹೆಸರಿಟ್ಟರು. ಆ ಹೆಸರನ್ನು ಅವನೂ ಒಂದೆರಡು ಸಲ ಬಳಸಿದ್ದ. ಮನೆಗೆ ಹೋಗಿ ಮಾತ್ರ ಬಾಯಿ ಬಿಡುತ್ತಿದ್ದ. ಯಾಕೆ ನನ್ನ ಮಾನ ಕಳೀತೀಯ? ನಿನ್ನೊಬ್ಬಳಿಗೆ ಬರೆದುಕೊಟ್ಟಿದ್ದಾರಾ ಒಲೆ? ಅವಳು, “ತಣ್ಣಗಾಗಲಿ ಅಂತ ಕೂತಿದ್ದೆ ಕಣ್ರೀ,” ಎನ್ನುತ್ತಿದ್ದಳು. ಅಷ್ಟೇ. ಅದೊಂದು ಉತ್ತರವೇ? ಎಲ್ಲರ ಗಾಜೂ ತಣ್ಣಗಾಗುತ್ತಿರಲಿಲ್ಲವೇ?

ಒಂದು ಸಂಜೆ ಅವಳನ್ನು ಕರೆದುತರಲೆಂದು ಅವನೇ ಹೋಗಿದ್ದ. ಮಿಕ್ಕವರೆಲ್ಲ ಹೋಗಿಯಾಗಿತ್ತು. ಕೋಣೆಯಲ್ಲಿ ದೀಪ ಹಾಕಿರಲಿಲ್ಲ, ಕಿಟಕಿಯಿಂದ ಸಂಜೆಯ ಬೆಳಕಿತ್ತು. ಅವಳು ಒಲೆಯ ಕಡೆಗೆ ಕೊಂಚ ವಾಲಿಕೊಂಡು ಸ್ಟೂಲಿನ ಮೇಲೆ ಕೂತಿದ್ದಳು. ಓದುತ್ತಿರಲಿಲ್ಲ, ಬರೆಯುತ್ತಿರಲಿಲ್ಲ, ಏನೂ ಮಾಡುತ್ತಿರಲಿಲ್ಲ. ಮುಖದಲ್ಲಿ ಎಂಥದೋ ನೆಮ್ಮದಿ. ಆ ಮುಖವನ್ನು ಅವನು ಮನೆಯಲ್ಲಿ ಕಂಡಿರಲಿಲ್ಲ. ಮದುವೆಯ ಹೊಸತರಲ್ಲಿ ಕಂಡಿದ್ದನೇನೋ, ಖಾತ್ರಿಯಿಲ್ಲ. ಅವನಿಗೆ ಆದ ನೋವು ಎಂಥದೆಂದರೆ, ಅವಳು ಯಾರಾದರೂ ಗಂಡಸಿನ ಜೊತೆ ನಗುತ್ತ ಕೂತಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ. ಒಂದು ಕಬ್ಬಿಣದ ಡಬ್ಬಿಯ ಪಕ್ಕ ಕೂತು ಇಷ್ಟು ಸುಖವಾಗಿದ್ದಾಳೆ. ಮನೆಗೆ ಬರಬಾರದೆಂದೇ ಕೂತಿದ್ದಾಳೆ. ಕರೆಯದೆ ಹಿಂತಿರುಗಿದ. ಅವಳು ಬಂದಾಗ ಯಾಕೆ ತಡ ಎಂದೂ ಕೇಳಲಿಲ್ಲ. ಆಮೇಲೆ ಯಾವತ್ತೂ ಅವನು ಆ ಕೋಣೆಗೆ ಕಾಲಿಡಲಿಲ್ಲ, ಅವಳು ಇರುವ ತನಕ.

ಈಗ ಅದೇ ಕೋಣೆಯಲ್ಲಿ ಗಾಜನ್ನು ಒಳಗಿಟ್ಟು ಬಾಗಿಲು ಹಾಕಿದ. ಶಾಖ ಮೆಲ್ಲಗೆ ಏರತೊಡಗಿತು. ಮೊದಲು ಎಣ್ಣೆಯ ಸಿಹಿ ಬಂತು. ಆಮೇಲೆ, ಮಧ್ಯಾಹ್ನದ ಹೊತ್ತಿಗೆ, ಆ ವಾಸನೆ. ಅವಳು ಕಲಸಿದ ಪಾಲಿಮರ್ ಹೊರಟಿತ್ತು. ಸ್ಟೂಲು ಅಲ್ಲೇ ಇತ್ತು. ಅದರ ಮೇಲೆ ಈಗ ಯಾರೋ ಖಾಲಿ ಸೀಸೆಗಳ ರಟ್ಟಿನ ಪೆಟ್ಟಿಗೆ ಇಟ್ಟಿದ್ದರು. ಬೆನ್ನು ತಿರುಗಿಸಿದಾಗ ಸ್ಟೂಲಿನ ಕಾಲು ನೆಲಕ್ಕೆ ಉಜ್ಜಿದ ಸದ್ದಾಯಿತು. ತಿರುಗಿ ನೋಡಲಿಲ್ಲ. ನೋಡಿದರೆ ಪೆಟ್ಟಿಗೆ ಪೆಟ್ಟಿಗೆಯಾಗಿಯೇ ಇರುತ್ತದೆಂದು ಗೊತ್ತಿತ್ತು, ಅದನ್ನು ನೋಡುವುದು ಅವನಿಗೆ ಬೇಡವಾಗಿತ್ತು. ಊಟದ ಹೊತ್ತಾದರೂ ಕದಲಲಿಲ್ಲ. ಡೈರೆಕ್ಟರು ಬಾಗಿಲಲ್ಲಿ ಇಣುಕಿದರು. “ಹೇಗಿದೆ? ಪತ್ರದ ಟೈಪು ಆಗಿದೆ, ಎರಡು ಥರಾನೂ. ಇವತ್ತು ಕಡೇ ದಿನ ನೋಡಿ. ಯಾವುದು ಕಳಿಸೋದು ಅಂತ ನೀವು ಹೇಳಿದ ಮೇಲೆ.” ಒಳ್ಳೆಯ ಮನುಷ್ಯ. ಒಂದು ಕ್ಷಣ ನಿಂತು, “ನೀವು ಊಟ ಮಾಡಿ,” ಎಂದು ಹೋದರು.

ಸುಡುವುದು ಮುಗಿದು ಒಲೆಯ ಕೆಂಪು ದೀಪ ಆರಿದಾಗ ಪಿಂಗಾಣಿ ವಿಭಾಗದವನು ತನ್ನ ತಟ್ಟೆ ಹಿಡಿದು ಆಗಲೇ ಬಾಗಿಲಲ್ಲಿದ್ದ. “ಆಯ್ತಾ ಸಾಹೇಬರೇ?”

“ಆಯ್ತು, ತಣಿಯೋದೊಂದು ಬಾಕಿ,” ಎಂದ. ಅನ್ನುತ್ತಲೇ ಕೈ ತಾನಾಗಿ ಇಟ್ಟಿಗೆ ಚೂರಿಗೆ ಹೋಯಿತು. ಬಾಗಿಲನ್ನು ಎರಡು ಬೆರಳು ತೆರೆದ, ಚೂರು ಸಿಕ್ಕಿಸಿದ. ಬೇರೆ ದಿನವಾದರೆ ಇಷ್ಟು ಮಾಡಿ ಟೀಗೆ ಹೋಗಿಬಿಡುತ್ತಿದ್ದ. ಬಂದು ನೋಡಿದಾಗ ಪದರ ಸೀಳಿರುತ್ತಿತ್ತು. ಇವತ್ತು ಹೋಗಲಾಗಲಿಲ್ಲ. ಬಗ್ಗಿ, ಕಣ್ಣು ಕಿರಿದು ಮಾಡಿ, ಮುಖಕ್ಕೆ ಹೊಡೆಯುವ ಝಳವನ್ನು ಸಹಿಸಿಕೊಂಡು ಸಂದಿಯಲ್ಲಿ ನೋಡಿದ. ಒಳಗೆ ಪದರ ನಿಂತಿತ್ತು. ಅಪ್ಪಟ ಬಿಳುಪು. ಈ ತುದಿಯಿಂದ ಆ ತುದಿಗೆ ಒಂದು ಗೆರೆಯಿಲ್ಲ. ಅವನ ಎದೆ ಉಬ್ಬಿತು, ಕಣ್ಣು ತುಂಬಿತು, ಗೆದ್ದಳು ಎಂದು ಬಾಯಿಂದಲೇ ಹೊರಟಿತು. ಹಿಂದೆ ಪಿಂಗಾಣಿಯವನು ಏನು ಎಂದ. ಅಷ್ಟರಲ್ಲಿ ಅವನ ಕೆನ್ನೆಯ ಪಕ್ಕದಿಂದ ಕೋಣೆಯ ಗಾಳಿ ಸಂದಿಯೊಳಗೆ ಹೋದದ್ದು ಅವನಿಗೇ ತಿಳಿಯಿತು. ಚಿಟ್ ಎಂದಿತು. ಈ ಸದ್ದನ್ನು ವರ್ಷವಿಡೀ ಹೋಗುತ್ತ ಬರುತ್ತ ಕೇಳಿದ್ದ, ಒಲೆಯ ಇಟ್ಟಿಗೆ ಕೂರುವ ಸದ್ದು ಎಂದುಕೊಂಡಿದ್ದ. ಪದರದ ಬಾಗಿಲ ಕಡೆಯ ಅಂಚಿನಿಂದ ಒಂದು ಕೂದಲೆಳೆಯ ಗೆರೆ ಹೊರಟು ನಡುವಿನ ತನಕ ಓಡಿತು. ಅದಕ್ಕೊಂದು ಕವಲು, ಕವಲಿಗೊಂದು ಕವಲು. ಅವನು ಇಟ್ಟಿಗೆ ಚೂರನ್ನು ಬರಿಗೈಯಲ್ಲಿ ಕಿತ್ತೆಸೆದು ಬಾಗಿಲನ್ನು ಧಡಾರನೆ ಮುಚ್ಚಿದ. ಬೆರಳು ಸುಟ್ಟಿತು. ಮುಚ್ಚಿದ ಬಾಗಿಲಿನ ಹಿಂದೆ ಮತ್ತೆ ಚಿಟ್, ಚಿಟ್ ಎಂದಿತು.

ಎಷ್ಟು ಹೊತ್ತು ಹಾಗೆ ಬಾಗಿಲನ್ನು ಒತ್ತಿ ಹಿಡಿದು ನಿಂತಿದ್ದನೋ. ಬೇರೆ ಪದರಗಳು ಗಟ್ಟಿ, ತೂತು ಕಡಿಮೆ, ತಣ್ಣನೆ ಗಾಳಿಗೆ ಜಗ್ಗುತ್ತಿರಲಿಲ್ಲ. ಅದಕ್ಕೇ ಇಟ್ಟಿಗೆ ಚೂರಿನ ಪದ್ಧತಿಯಿಂದ ಯಾರಿಗೂ ನಷ್ಟವಾಗಿರಲಿಲ್ಲ. ಅವಳದ್ದು ಒಳಗೆಲ್ಲ ಖಾಲಿಯಿದ್ದ ಪದರ. ಅದಕ್ಕೆ ನಿಧಾನ ಬೇಕಿತ್ತು, ಬೇರೇನೂ ಬೇಕಿರಲಿಲ್ಲ. ಪೇಸ್ಟಿನಲ್ಲಿ ಗುಟ್ಟಿರಲಿಲ್ಲ. ಇದ್ದದ್ದೆಲ್ಲ ಎಲ್ಲರ ಕಣ್ಣೆದುರಿಗೆ, ಸ್ಟೂಲಿನ ಮೇಲೆ ಕೈಕಟ್ಟಿ ಕೂತಿತ್ತು. ಅದಕ್ಕೆ ಹೆಸರಿಟ್ಟು ನಕ್ಕಿದ್ದರು. ಅವನು ಕಲಸಿದ್ದ ಪೇಸ್ಟುಗಳೂ ಸರಿಯಾಗಿದ್ದಿರಬೇಕು, ಒಂದೊಂದೂ. ಆ ಬೇರೆ ಊರಿನವರೂ ಬಾಗಿಲು ತೆರೆಯಲು ಆತುರಪಟ್ಟಿರಬೇಕು. ಅವಳು ಹೇಳಿಯೂ ಇದ್ದಳು. ಕೇಳಿದಾಗೆಲ್ಲ ಇದ್ದದ್ದನ್ನೇ ಹೇಳಿದ್ದಳು, ಅವನು ಅದನ್ನು ನೆಪ ಎಂದುಕೊಂಡಿದ್ದ. ಹಾಗಾದರೆ ಅವಳು ಮನೆಗೆ ಬರಬಾರದೆಂದು ಕೂತದ್ದಲ್ಲ. ಕೆಲಸಕ್ಕಾಗಿ ಕೂತದ್ದು. ಈ ಯೋಚನೆ ಬಂದದ್ದೇ ತಡ, ಅಷ್ಟು ದೊಡ್ಡ ನಷ್ಟದ ನಡುವೆಯೂ ಅವನ ಮೈಯಲ್ಲಿ ಒಂದು ಹಗುರ ಹರಡಿತು. ಎಷ್ಟೋ ವರ್ಷ ಒಳಗೇ ಮುರಿದುಕೊಂಡಿದ್ದ ಮುಳ್ಳು ಈಚೆ ಬಂದ ಹಾಗಾಯಿತು. ಆ ಹಗುರಕ್ಕೆ ಅವನಿಗೇ ಅಸಹ್ಯವೂ ಆಯಿತು.

ಬಣ್ಣದಾಕೆ ಓಡಿಬಂದಳು, ಪಿಂಗಾಣಿಯವನು ಹೋಗಿ ಹೇಳಿರಬೇಕು. ಪೂರ್ತಿ ತಣಿದ ಮೇಲೆ ಗಾಜು ಹೊರಗೆ ತೆಗೆದಾಗ ಅರ್ಧದಷ್ಟು ಪದರ ತಟ್ಟೆಯಲ್ಲೇ ಉದುರಿತು.

“ನಾನು ಬಾಗಿಲು ತೆಗೆದೆ,” ಎಂದ.

“ಎಲ್ಲರೂ ತೆಗೀತೀವಲ್ಲ.”

“ಅವಳು ತೆಗೀತಿರಲಿಲ್ಲ.”

ಬಣ್ಣದಾಕೆಯ ಕಣ್ಣು ರಟ್ಟಿನ ಪೆಟ್ಟಿಗೆ ಹೊತ್ತಿದ್ದ ಸ್ಟೂಲಿನ ಕಡೆ ಹೋಯಿತು. “ಅಯ್ಯೋ ದೇವರೇ,” ಎಂದಳು ಕಡೆಗೆ, “ನಾವು ಅವಳನ್ನ ಎಷ್ಟು ಆಡ್ಕೊಂಡ್ವಿ.” ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, “ಹೋಗಿ, ಡೈರೆಕ್ಟರಿಗೆ ಹೇಳಿ. ಈಗಲಾದ್ರೂ ಹೇಳಿ” ಎಂದಳು.

ಹೇಳಿದ. ಎಲ್ಲವನ್ನೂ ಹೇಳಿದ. ಅಂದು ಮೀಟಿಂಗಿನಲ್ಲಿ ಒಂದೇ ಮಾತಿಗೆ ಮುಗಿಸಿದವನು ಇವತ್ತು ತಡವರಿಸುತ್ತ, ಹಿಂದುಮುಂದು ಮಾಡುತ್ತ, ಸುಟ್ಟ ಬೆರಳನ್ನು ಸಾಕ್ಷಿಗೆಂಬಂತೆ ಮುಂದೆ ಹಿಡಿದು ಹೇಳಿದ. ಪದರ ನಿಂತಿತ್ತು, ನಾನು ಕಣ್ಣಾರೆ ನೋಡಿದೆ, ನಾನೇ ಬಾಗಿಲು ತೆಗೆದು ಕೆಡಿಸಿದೆ. ಡೈರೆಕ್ಟರು ಒಂದು ಮಾತೂ ಅಡ್ಡ ಹಾಕದೆ ಕೇಳಿದರು. ಕೇಳುತ್ತ ಕೇಳುತ್ತ ಅವರ ಮುಖ ಕರಗುತ್ತ ಹೋಯಿತು. ಎದ್ದು ಬಂದು ಹೆಗಲ ಮೇಲೆ ಕೈಯಿಟ್ಟರು.

“ನನಗೆ ಅರ್ಥ ಆಗತ್ತೆ. ನಿಮ್ಮ ಜಾಗದಲ್ಲಿ ನಾನಿದ್ರೂ ಹೀಗೇ ಹೇಳ್ತಿದ್ದೆ.”

“ಇಲ್ಲ ಸಾರ್, ಇದು ನಿಜ. ನೀವು ಬೇಕಾದರೆ ಪಿಂಗಾಣಿಯವರನ್ನ ಕೇಳಿ.”

“ಕೇಳಿದೆ. ನೀವು ಬಗ್ಗಿದ್ರಿ, ಏನೋ ಅಂದ್ರಿ, ಅಂದರು. ಒಳಗೆ ಏನಿತ್ತು ಅಂತ ಅವರು ಕಂಡಿಲ್ಲ.” ಡೈರೆಕ್ಟರು ತಮ್ಮ ಕುರ್ಚಿಗೆ ವಾಪಸಾಗಿ, “ಪತ್ರ ಇವತ್ತು ಹೋಗಲೇಬೇಕು. ನಿಂತ ಪದರ ನನ್ನ ಮೇಜಿನ ಮೇಲಿಲ್ಲ. ಉದುರಿದ್ದು ಇದೆ” ಎಂದರು.

“ನನ್ನ ಪೇಸ್ಟಿನಲ್ಲೇ ಮಾಡಿ ತೋರಿಸ್ತೀನಿ. ಬಾಗಿಲು ಮುಟ್ಟಲ್ಲ. ಎರಡು ದಿನ ಕೊಡಿ.”

“ಮಾಡಿ, ಖಂಡಿತ ಮಾಡಿ! ಆದರೆ ಅದು ನಿಮ್ಮ ಪೇಸ್ಟು, ನಿಮ್ಮ ವಿಧಾನ. ಬಾಗಿಲು ಮುಚ್ಚಿಡಬೇಕು ಅನ್ನೋದನ್ನ ಅವರು ಎಲ್ಲೂ ಬರೆದಿಲ್ಲವಲ್ಲ. ಬರೆಯದ್ದನ್ನ ಅವರ ಲೆಕ್ಕಕ್ಕೆ ಹೇಗೆ ಹಾಕೋದು? ಫಲಿಸಿದರೆ ಹೊಸದಾಗಿ ನಿಮ್ಮ ಹೆಸರಲ್ಲಿ ಬರಲಿ. ನನಗೂ ಸಂತೋಷ.” ಬಾಗಿಲ ತನಕ ಬಂದು ಬೀಳ್ಕೊಟ್ಟರು. “ನಿಮ್ಮ ಮನೆಯವರು ಪುಣ್ಯವಂತರು ಕಣ್ರೀ. ಸತ್ತ ಮೇಲೂ ತಪ್ಪನ್ನ ತನ್ನ ಮೇಲೆ ಹಾಕ್ಕೊಳ್ಳೋ ಗಂಡ ಯಾರಿಗೆ ಸಿಗ್ತಾನೆ?”

ಪಡಸಾಲೆಯಲ್ಲಿ ಎದುರಾದ ಇಬ್ಬರು ಅವನಿಗೆ ದಾರಿ ಬಿಟ್ಟು ತಲೆ ತಗ್ಗಿಸಿದರು. ಸಂಜೆಯ ಹೊತ್ತಿಗೆ ಅವನು ಒಳ್ಳೆಯ ಗಂಡ ಎಂಬ ಸುದ್ದಿ ಎಲ್ಲ ಮೇಜುಗಳಿಗೂ ಮುಟ್ಟಿತ್ತು.

ಮನೆಗೆ ಬಂದಾಗ ಮಗಳು ಹಜಾರದಲ್ಲಿ ಲೆಕ್ಕ ಮಾಡುತ್ತ ಕೂತಿದ್ದಳು. ಅವನು ಬೂಟು ಬಿಚ್ಚಲೂ ಇಲ್ಲ, ಎದುರಿಗೆ ಕೂತು ಹೇಳಿದ. ಅವಳಿಗೆ ಡೈರೆಕ್ಟರಿಗೆ ಹೇಳಿದ್ದಕ್ಕಿಂತ ಚೆನ್ನಾಗಿ ಹೇಳಿದ; ಒಂದೂ ಬಿಡಲಿಲ್ಲ. ಮೀಟಿಂಗಿನಲ್ಲಿ ತಾನು ಆಡಿದ ಮಾತನ್ನೂ ಹೇಳಿದ, ಅದು ಸುತ್ತು ಹೊಡೆಯುವಾಗ ನೀರು ಕುಡಿದು ಕೂತದ್ದನ್ನೂ ಹೇಳಿದ. ಅವಳು ಅಳಲಿಲ್ಲ. ಪೆನ್ಸಿಲ್ಲನ್ನು ಮೇಜಿನ ಮೇಲೆ ಅತ್ತಿತ್ತ ಉರುಳಿಸುತ್ತಿದ್ದಳು.

“ಹಾಗಾದ್ರೆ ಅಮ್ಮ ಬರೆದದ್ದು ನಿಜ.”

“ನಿಜ.”

“ಆದ್ರೆ ಸುಳ್ಳು ಅಂತ ಪತ್ರ ಹೋಯ್ತು.”

“ಹೋಯ್ತು.”

“ನೀನು ಮಾಡಿ ಗೆದ್ರೆ ನಿನ್ನ ಹೆಸರು ಬರತ್ತೆ.”

ಅವನು ಬಗ್ಗಿ ಬೂಟಿನ ದಾರ ಬಿಚ್ಚತೊಡಗಿದ.

“ಒಂದು ದಿನ ಅಮ್ಮನ ಪಕ್ಕ ಕೂತಿದ್ರೆ ಗೊತ್ತಾಗ್ತಿತ್ತಲ್ಲ ಅಪ್ಪ. ಯಾಕೆ ಕೂರಲಿಲ್ಲ?”

ಇಷ್ಟು ಕೇಳುವವರು ಒಬ್ಬರಿದ್ದಾರಲ್ಲ ಎಂದು ಅವನಿಗೆ ಸಮಾಧಾನವೇ ಆಯಿತು. ಬೆಳಗಿನಿಂದ ಕೈಗೆ ಸಿಕ್ಕಿದ್ದ ಒಂದೇ ಒಂದು ಹಗುರವನ್ನು ಅವಳ ಮುಂದಿಟ್ಟ. “ನಾನು ತಪ್ಪು ತಿಳ್ಕೊಂಡಿದ್ದೆ, ಪುಟ್ಟಿ. ಮನೆಗೆ ಬರೋಕೆ ಇಷ್ಟವಿಲ್ಲದೆ ಅಲ್ಲಿ ಕೂತಿರ್ತಾಳೆ ಅಂದ್ಕೊಂಡಿದ್ದೆ. ನಾನಿಲ್ಲದ ಕಡೆ ಸುಖವಾಗಿರ್ತಾಳೆ ಅಂತ. ಇವತ್ತು ಗೊತ್ತಾಯ್ತು, ಅದು ಹಾಗಲ್ಲ. ಅವಳು ಕೂತದ್ದು ಆ ಪದರಕ್ಕೋಸ್ಕರ.”

ಮಗಳು ಪೆನ್ಸಿಲ್ಲನ್ನು ನಿಲ್ಲಿಸಿ ಅವನನ್ನು ನೋಡಿದಳು. ಸಿಟ್ಟಿರಲಿಲ್ಲ ಅವಳ ಕಣ್ಣಿನಲ್ಲಿ. ದೊಡ್ಡವರಿಗೆ ಗೊತ್ತಿಲ್ಲದ್ದನ್ನು ಹೇಳಬೇಕೋ ಬೇಡವೋ ಎಂದು ಅಳೆಯುವ ಹಾಗಿತ್ತು.

“ಅದಕ್ಕೂ ಕೂತಿದ್ಲು,” ಎಂದಳು. “ರಜೇಲಿ ನನ್ನನ್ನೂ ಕರ್ಕೊಂಡು ಹೋಗ್ತಿದ್ಲಲ್ಲ. ತಣ್ಣಗಾದ ಮೇಲೂ ನಾವು ಏಳ್ತಿರಲಿಲ್ಲ ಅಪ್ಪ. ಇನ್ನೊಂಚೂರು ಹೊತ್ತು ಇರೋಣ, ಇಲ್ಲಿ ಯಾರೂ ಬಯ್ಯಲ್ಲ ಅಂತಿದ್ಲು.”